ಅರ್ಮೇನಿಯಾವನ್ನೇ ನೋಡದವರು ತಮ್ಮನ್ನು ಅರ್ಮೇನಿಯನ್ನರು ಅಂತ ಹೇಗೆ ಅಂದುಕೊಳ್ಳುತ್ತಾರೆ?

ಲೆಬನಾನಿನ ರಾಜಧಾನಿ ಬೈರೂತಿನ ಪಕ್ಕದ ಬುರ್ಜ್ ಹಮ್ಮೂದ್ ಪಟ್ಟಣದ ಕಡೆ ನೋಡಿದರೆ ಇದು ಅರ್ಥವಾಗುತ್ತದೆ. 1915ರಲ್ಲಿ ಆಟೋಮನ್ ತುರ್ಕರ ಆಳ್ವಿಕೆಯಲ್ಲಿ ಶುರುವಾದ ಅರ್ಮೇನಿಯನ್ನರ ನರಮೇಧದಲ್ಲಿ ಬದುಕುಳಿದವರು ಬಂದು ನೆಲೆಸಿದ ಜಾಗ ಅದು. ಅಲ್ಲಿನ ಕೇರಿಗಳ ಹೆಸರು ನೋರ್ ಮರಾಶ್, ನೋರ್ ಅದಾನಾ, ನೋರ್ ಸಿಸ್. 'ನೋರ್' ಅಂದರೆ ಹೊಸ. ಬಿಟ್ಟು ಬಂದ ಊರಿನ ಹೆಸರನ್ನೇ ಹೊಸ ಕೇರಿಗೆ ಇಟ್ಟುಕೊಂಡರು. ಅಂಗಡಿ ಬೋರ್ಡಿನಲ್ಲಿ ಅರಬ್ಬಿ ಜೊತೆ ಅರ್ಮೇನಿಯನ್ ಅಕ್ಷರ, ಒಲೆಯಿಂದ ಆಗಷ್ಟೇ ತೆಗೆದ ಲಹ್ಮಜೂನ್, ಅಂದರೆ ಕೊಚ್ಚಿದ ಮಾಂಸ ಹರಡಿ ಬೇಯಿಸಿದ ತೆಳು ರೊಟ್ಟಿ.

ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರಲ್ಲ. ಇವರ ಹಿರಿಯರ ಊರುಗಳು ಈಗಿನ ಅರ್ಮೇನಿಯಾದಲ್ಲಿಲ್ಲ, ಟರ್ಕಿಯಲ್ಲಿವೆ. ಹಾಗಾಗಿ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ಗೆ ಹೋದರೂ 'ನಮ್ಮೂರು' ಅಂತ ಪೂರ್ತಿ ಅನ್ನಿಸೋದು ಕಷ್ಟ, ಅಲ್ವಾ? ಮಾತೂ ಬೇರೆ. ಅಲ್ಲಿ ಪೂರ್ವ ಅರ್ಮೇನಿಯನ್, ಇವರದು ಪಶ್ಚಿಮ ಅರ್ಮೇನಿಯನ್, ಅದಕ್ಕೆ ಸ್ವಂತ ದೇಶವೇ ಇಲ್ಲ. ಯುನೆಸ್ಕೋ ಅದನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಸೇರಿಸಿದೆ. ಅದನ್ನು ಉಳಿಸಿಕೊಂಡು ಬಂದಿರೋದು ಚರ್ಚು, ಸಮುದಾಯದ ಶಾಲೆಗಳು, ಮತ್ತೆ ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚಾಗಿ ಮೊಮ್ಮಕ್ಕಳ ಜೊತೆ ಹಟ ಹಿಡಿದು ಅದರಲ್ಲೇ ಮಾತಾಡುವ ಅಜ್ಜಿಯರು.

ಮಾತು ಮರೆತವರನ್ನು ಅರೆಬರೆ ಅರ್ಮೇನಿಯನ್ನರು ಅನ್ನೋದು ತಪ್ಪು. ಅವರ ಹೆಸರಿನ ಕೊನೆಯಲ್ಲಿ ಅರ್ಮೇನಿಯನ್ ಮನೆತನದ ಗುರುತಾದ 'ಯಾನ್' ಇನ್ನೂ ಇದೆ. ನರಮೇಧವನ್ನು ನೆನೆಯುವ ದಿನವಾದ ಏಪ್ರಿಲ್ 24 ಬಂದರೆ ಅವರೂ ಹೂವು ಹಿಡಿದು ಸತ್ತವರ ಸ್ಮಾರಕಕ್ಕೆ ಹೋಗುತ್ತಾರೆ.