ತೇರನ್ನೂ ಕಟ್ಟಿಸುವ ಸಿನಿಮಾ ಜಾತ್ರೆ

ಪ್ರಶ್ನೆ: ಸಾರ್, ಕೊರಿಯಾ ಎಂದರೆ ಬುಸಾನ್ ಚಿತ್ರೋತ್ಸವ ಗೊತ್ತು. ಜಿಯೋಂಜು ಎಂಬ ಊರಲ್ಲೂ ಒಂದು ನಡೆಯುತ್ತದಂತೆ. ಅದರಲ್ಲೇನು ವಿಶೇಷ?
– ಓದುಗ, ತೀರ್ಥಹಳ್ಳಿ

ಉತ್ತರ: ನಡೆಯುತ್ತದೆ ಮಾರಾಯ್ರೆ, 2000ದಿಂದ. ಏಪ್ರಿಲ್ ಕೊನೆ, ಮೇ ಮೊದಲಿಗೆ. ಸ್ಟಾರ್‌ಗಳ ಗದ್ದಲಕ್ಕಿಂತ ಸ್ವತಂತ್ರ, ಪ್ರಯೋಗದ ಚಿತ್ರಗಳೇ ಜಾಸ್ತಿ. ನನಗೆ ಹಿಡಿಸಿದ್ದು ಬೇರೆಯೇ. ಮೊದಲ ವರ್ಷದಿಂದಲೇ ಉತ್ಸವದವರು ಮೂವರು ನಿರ್ದೇಶಕರಿಗೆ ದುಡ್ಡು ಕೊಟ್ಟು ಡಿಜಿಟಲ್‌ನಲ್ಲಿ ಕಿರುಚಿತ್ರ ಮಾಡಿಸಿದರು. ಅದಿನ್ನೂ ರೀಲಿನ ಕಾಲ! ಚೀನಾದ ಜಿಯಾ ಝಾಂಗ್‌ಕೆ 2001ರಲ್ಲಿ ಹೀಗೊಂದು ಮಾಡಿಕೊಟ್ಟರು. 2014ರಿಂದ ಪೂರ್ಣ ಉದ್ದದ ಚಿತ್ರಗಳಿಗೇ ಹಣ ಹಾಕುತ್ತಾರೆ. ಜಾತ್ರೆಗೆ ಕರೆದವರೇ ತೇರನ್ನೂ ಕಟ್ಟಿಸಿದ ಹಾಗೆ, ಅಲ್ವಾ?

ಊರು ಹಳೆಯದು. ಹಿಂದೆ ಕೊರಿಯಾ ಆಳಿದ ಜೋಸೆಯೊನ್ ರಾಜಮನೆತನದ ಮೂಲ ಊರು. ಹೆಂಚಿನ ಹನೋಕ್ ಮನೆಗಳ ಓಣಿಗಳಿವೆ. ಫೋಟೊ ನೋಡಿ ನನಗೆ ಅಜ್ಜನ ಮನೆ ಜಗಲಿ ನೆನಪಾಯಿತು. ನೆಲದಡಿ ಬಿಸಿ ಹಾಯಿಸುವ ಅವರ ಒಂಡೋಲ್ ಮಾತ್ರ ನಮ್ಮಲ್ಲಿಲ್ಲ. ಆಗುಂಬೆ ಮಳೆಗೆ ಅದಿದ್ದಿದ್ದರೆ!

ಉತ್ಸವದ ಹೊತ್ತಿಗೆ ನಿಮ್ಮ ಅಡಿಕೆ ಕೊಯ್ಲೂ ಮುಗಿದಿರುತ್ತದೆ. ರಾಜಧಾನಿ ಸೋಲ್‌ನಿಂದ ರೈಲಿದೆ. ಬಿಬಿಂಬಾಪ್ ಅನ್ನಕ್ಕೆ ಆ ಊರು ಹೆಸರುವಾಸಿ. ಮಾಂಸ ಬೇಡದಿದ್ದರೆ ಮೊದಲೇ ಹೇಳಿ.