ಉಂಗುರವೇ ಸುಳ್ಳು ಹೇಳಿದರೆ?

ಹಾಸನದಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದ ಪತ್ರದ ಸಾರ ಇದು: "ಮಗಳ ಒತ್ತಾಯಕ್ಕೆ ಇಂಗ್ಲಿಷ್ ಚಿತ್ರ 'ಮೆಮೆಂಟೊ' ನೋಡಲು ಕುಳಿತೆ. ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡು ಎದ್ದುಬಿಟ್ಟೆ. ಸತ್ತವನು ಮುಂದಿನ ದೃಶ್ಯದಲ್ಲಿ ಓಡಾಡುತ್ತಿರುತ್ತಾನೆ. ಬಣ್ಣ ಹೋಗಿ ಕಪ್ಪು-ಬಿಳುಪು ಬರುತ್ತದೆ. ನಾಯಕನಿಗೂ ಏನೂ ತಿಳಿಯದು, ನನಗೂ ತಿಳಿಯದು. ನೇರವಾಗಿ ಹೇಳಬಹುದಾದ ಕಥೆಯನ್ನು ಕತ್ತರಿಸಿ ಚೆಲ್ಲುವುದು ಜಾಣತನದ ಪ್ರದರ್ಶನವಲ್ಲದೆ ಮತ್ತೇನು? ಇದೇ ಕಥೆಯ 'ಗಜಿನಿ'ಯನ್ನು ಮನೆಮಂದಿಯೆಲ್ಲ ನೋಡಿ ಅತ್ತಿದ್ದೇವೆ. ಇನ್ನು ಇದನ್ನೂ ನೋಡಬೇಕೆ? ನೋಡುವುದಾದರೆ ಹೇಗೆ? ಮನೆಯವರ ಜೊತೆ ಕೂತು ನೋಡಬಹುದೆ?"

ಸಂಪಾದಕರ ಉತ್ತರ

ಮಾನ್ಯರೇ,

ನೋಡಬೇಕು. ಆದರೆ ಜನ ಸಾಮಾನ್ಯವಾಗಿ ಹೇಳುವ ಕಾರಣಕ್ಕಲ್ಲ. 'ತಲೆಗೆ ಒಳ್ಳೆಯ ಕೆಲಸ ಕೊಡುತ್ತದೆ' ಎಂದು ಈ ಚಿತ್ರವನ್ನು ಹೊಗಳುವವರೇ ಇದಕ್ಕೆ ಹೆಚ್ಚು ಅನ್ಯಾಯ ಮಾಡಿದ್ದಾರೆ. ತಲೆಗೆ ಕೆಲಸ ಬೇಕಾದವರಿಗೆ ನಮ್ಮ ಪತ್ರಿಕೆಯ ಪದಬಂಧವೇ ಇದೆ, ಅದಕ್ಕಾಗಿ 113 ನಿಮಿಷ ಕತ್ತಲಲ್ಲಿ ಕೂರಬೇಕಿಲ್ಲ.

ಮೊದಲು ಗಂಟು ಬಿಡಿಸೋಣ. ಇದರಿಂದ ರಸಭಂಗವೇನೂ ಆಗದು. ಲೆನಾರ್ಡ್ ಶೆಲ್ಬಿ ವಿಮಾ ಕಂಪನಿಯಲ್ಲಿ ತನಿಖೆ ಮಾಡುತ್ತಿದ್ದವನು. ಮನೆಗೆ ನುಗ್ಗಿದವರು ಹೆಂಡತಿಯನ್ನು ಕೊಂದರು, ತನ್ನ ತಲೆಗೆ ಪೆಟ್ಟು ಬಿತ್ತು, ಅಂದಿನಿಂದ ಹೊಸ ನೆನಪು ಯಾವುದೂ ನಿಲ್ಲುತ್ತಿಲ್ಲ ಎಂದು ಅವನು ಹೇಳುತ್ತಾನೆ. ಹಂತಕನನ್ನು ಹುಡುಕಲು ಅವನಿಗಿರುವ ಆಸರೆ ತೆಗೆದೊಡನೆ ಕೈಯಲ್ಲೇ ಮೂಡುವ ಪೋಲರಾಯ್ಡ್ ಫೋಟೊಗಳು, ಚೀಟಿಗಳು ಮತ್ತು ಮೈಮೇಲಿನ ಹಚ್ಚೆ. ಬಣ್ಣದ ದೃಶ್ಯಗಳು ಹಿಂದು ಮುಂದಾಗಿ ಬರುತ್ತವೆ: ಮೊದಲು ಕಂಡದ್ದು ಕೊನೆಗೆ ನಡೆದದ್ದು. ಪ್ರತಿ ಬಣ್ಣದ ದೃಶ್ಯವೂ ನೀವು ಆಗಲೇ ನೋಡಿದ ದೃಶ್ಯ ಆರಂಭವಾದ ಜಾಗಕ್ಕೆ ಬಂದು ನಿಲ್ಲುತ್ತದೆ. ನಡುನಡುವಿನ ಕಪ್ಪು-ಬಿಳುಪಿನ ತುಣುಕುಗಳು ನೇರವಾಗಿಯೇ ಸಾಗುತ್ತವೆ. ಚಿತ್ರದ ಕೊನೆಗೆ ಎರಡು ದಾರಿಗಳೂ ಒಂದು ಕಡೆ ಕೂಡುತ್ತವೆ. ಇಷ್ಟು ತಿಳಿದಿದ್ದರೆ ನೀವು ಎದ್ದು ಹೋಗುತ್ತಿರಲಿಲ್ಲವೇನೋ. ಸತ್ತವನು ಮತ್ತೆ ಓಡಾಡುವುದಕ್ಕೆ ನಿಮ್ಮ ಟಿವಿಯ ತಪ್ಪೇನೂ ಇಲ್ಲ.

ನೇರವಾಗಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿಯೂ ನೋಡಿದ್ದಾರೆ. ಚಿತ್ರದ ವಿಶೇಷ ಡಿವಿಡಿ ಆವೃತ್ತಿಯೊಂದರಲ್ಲಿ, ಘಟನೆಗಳನ್ನು ನಡೆದ ಕ್ರಮದಲ್ಲೇ ಜೋಡಿಸಿದ ರೂಪವನ್ನು ಗುಟ್ಟಾಗಿ ಅಡಗಿಸಿಟ್ಟಿದ್ದರು. ಹಾಗೆ ನೋಡಿದಾಗ ಎಲ್ಲವೂ ಸಲೀಸು. ಆದರೆ ಆಗ ನಾವು ಎಲ್ಲವನ್ನೂ ಬಲ್ಲವರು, ಲೆನಾರ್ಡ್ ಏನೂ ತಿಳಿಯದ ಪೆದ್ದ. ಎಲ್ಲರೂ ಅವನಿಗೆ ಟೋಪಿ ಹಾಕುವುದನ್ನು ಜಗಲಿಯ ಮೇಲೆ ಕುಳಿತು ನೋಡಿ ಅಯ್ಯೋ ಪಾಪ ಎನ್ನುತ್ತೇವೆ, ಅಷ್ಟೆ. ಹಿಂದು ಮುಂದಾಗಿ ನೋಡುವಾಗ ನಮಗೂ ಹಿಂದಿನ ಕ್ಷಣ ಗೊತ್ತಿರುವುದಿಲ್ಲ. ಲೆನಾರ್ಡ್ ಓಡುತ್ತಿದ್ದಾನೆ, ಏಕೆಂದು ಅವನಿಗೇ ಮರೆತಿದೆ. ಪಕ್ಕದಲ್ಲಿ ಇನ್ನೊಬ್ಬ ಓಡುತ್ತಿರುವುದು ಕಂಡು ಅವನನ್ನು ಅಟ್ಟುತ್ತಿದ್ದೇನೆ ಎಂದುಕೊಳ್ಳುತ್ತಾನೆ. ಆ ಮನುಷ್ಯ ಗುಂಡು ಹಾರಿಸಿದಾಗ ಗೊತ್ತಾಗುತ್ತದೆ, ಅಟ್ಟುತ್ತಿರುವವನು ಅವನು. ನಾನಂತೂ ಜೋರಾಗಿ ನಕ್ಕೆ. 'ನಾಯಕನಿಗೂ ತಿಳಿಯದು, ನನಗೂ ತಿಳಿಯದು' ಎಂದು ನೀವು ದೂರಿದ್ದೀರಲ್ಲ, ಈ ಚಿತ್ರದ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ನಿಖರವಾದ ಸಾಲು ಕಡಿಮೆ.

ಮುಂದಿನ ಪ್ಯಾರಾದಲ್ಲಿ ಒಂದು ದೃಶ್ಯದ ಗುಟ್ಟು ಬಿಡುತ್ತಿದ್ದೇನೆ, ಬೇಡವಾದವರು ದಾಟಿಕೊಳ್ಳಿ.

ನ್ಯಾಟಲಿ ಎಂಬ ಹೆಣ್ಣು ಬಾತುಕೊಂಡ ಮುಖ ಹೊತ್ತು ಒಳಗೆ ಬರುತ್ತಾಳೆ. ಡಾಡ್ ಎಂಬವನು ಹೊಡೆದನೆನ್ನುತ್ತಾಳೆ. ಲೆನಾರ್ಡ್ ಕರಗಿಹೋಗುತ್ತಾನೆ, ನಾವೂ ಕರಗುತ್ತೇವೆ. ನಂತರದ ಬಣ್ಣದ ದೃಶ್ಯ, ಅಂದರೆ ಅದಕ್ಕೂ ಮೊದಲು ನಡೆದದ್ದು: ಅದೇ ನ್ಯಾಟಲಿ ಮನೆಯಲ್ಲಿರುವ ಪೆನ್ನುಗಳನ್ನೆಲ್ಲ ಎತ್ತಿಟ್ಟುಕೊಂಡು, ಸತ್ತ ಹೆಂಡತಿಯ ಹೆಸರೆತ್ತಿ ಅವನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ಅವನು ಕೈ ಎತ್ತುವ ತನಕ ಬಿಡುವುದಿಲ್ಲ. ಆಮೇಲೆ ಹೊರಗೆ ಹೋಗಿ ಕಾರಿನಲ್ಲಿ ಸುಮ್ಮನೆ ಕೂರುತ್ತಾಳೆ. ಒಳಗೆ ಅವನು ನಡೆದದ್ದನ್ನು ಬರೆದಿಡಲು ಪೆನ್ನಿಗಾಗಿ ತಡಕಾಡುತ್ತಿರುತ್ತಾನೆ. ಕಾರಿನ ಬಾಗಿಲು ಬಡಿದ ಸದ್ದಿಗೆ ಅವನ ಗಮನ ಅತ್ತ ಹೋಗುತ್ತದೆ, ನೆನಪು ಜಾರುತ್ತದೆ. ಅವಳು ಅಳುತ್ತ ಒಳಗೆ ಬರುತ್ತಾಳೆ. ನ್ಯಾಟಲಿಯಾಗಿ ನಟಿಸಿದ ಕ್ಯಾರಿ ಆನ್ ಮಾಸ್ ಆ ಕಾರಿನಲ್ಲಿ ಕುಳಿತ ಪರಿಗೆ ನನ್ನ ಮೈ ತಣ್ಣಗಾಯಿತು. ಇದನ್ನು ನೇರ ಕ್ರಮದಲ್ಲಿ ತೋರಿಸಿದ್ದರೆ ಅವಳೊಬ್ಬ ಕೆಟ್ಟ ಹೆಂಗಸು ಎಂದು ಮುಗಿಸಿಬಿಡುತ್ತಿದ್ದೆವು. ಈಗ ನಮ್ಮ ಕನಿಕರವೇ ನಮಗೆ ಮೋಸ ಮಾಡಿದಂತಾಗಿದೆ. ಈ ಕೆಲಸದಲ್ಲಿ ಸಂಕಲನಕಾರ್ತಿ ಡೋಡಿ ಡಾರ್ನ್ ಅವರ ಪಾಲು ದೊಡ್ಡದು. ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂದದ್ದೂ ಚಿತ್ರಕಥೆ ಮತ್ತು ಸಂಕಲನ ಎರಡಕ್ಕೆ.

ತಿರುಗುಮುರುಗು ಕಥನಕ್ಕೆ ಕನ್ನಡದವರು ಬೆದರಬೇಕಿಲ್ಲ. ನಾಗವರ್ಮನ 'ಕರ್ಣಾಟಕ ಕಾದಂಬರಿ'ಯಲ್ಲಿ ಗಿಳಿಯೊಂದು ಅರಸನಿಗೆ ಕಥೆ ಹೇಳುತ್ತದೆ, ಆ ಕಥೆಯೊಳಗೆ ಜಾಬಾಲಿ ಮುನಿ ಇನ್ನೊಂದು ಕಥೆ ಹೇಳುತ್ತಾನೆ, ಕೊನೆಗೆ ಕೇಳುತ್ತ ಕುಳಿತ ಅರಸನೇ ಆ ಕಥೆಯ ನಾಯಕನೆಂದು ತಿಳಿಯುತ್ತದೆ. ಸಿನಿಮಾದಲ್ಲಾದರೂ 1998ರಲ್ಲೇ ಉಪೇಂದ್ರ 'ಎ' ಮಾಡಿ ಗಾಂಧಿನಗರವನ್ನು ಗೊಂದಲಕ್ಕೆ ಕೆಡವಿದರು. 2013ರ 'ಲೂಸಿಯಾ' ಬಣ್ಣ ಮತ್ತು ಕಪ್ಪು-ಬಿಳುಪುಗಳ ನಡುವೆ ಓಡಾಡಿಯೂ ಗೆದ್ದಿತು. ಆದ್ದರಿಂದ ನಮ್ಮ ಅಡಚಣೆ ಕ್ರಮದ್ದಲ್ಲ. ನಮ್ಮ ಕಥೆಗಳಲ್ಲಿ ನೆನಪು ಮರಳಿದರೆ ಸತ್ಯ ಮರಳಿತೆಂದೇ ಅರ್ಥ. 'ಕರ್ಣಾಟಕ ಕಾದಂಬರಿ'ಯ ಅರಸನಿಗೆ ಹಿಂದಿನ ಜನ್ಮ ನೆನಪಾದೊಡನೆ ಎಲ್ಲವೂ ನೆಟ್ಟಗಾಗುತ್ತದೆ. ಬೆಸ್ತನ ಕೈಯಿಂದ ಉಂಗುರ ಬಂದೊಡನೆ ದುಷ್ಯಂತನಿಗೆ ಶಕುಂತಲೆ ನೆನಪಾಗುತ್ತಾಳೆ. ಉಂಗುರ ಸುಳ್ಳು ಹೇಳಬಹುದೆಂದು ಕಾಳಿದಾಸನೂ ಅನುಮಾನಿಸಲಿಲ್ಲ, ನಾವೂ ಅನುಮಾನಿಸಿಲ್ಲ.

'ಗಜಿನಿ' ಈ ಉಂಗುರದ ವಂಶದ ಚಿತ್ರ. ಎ.ಆರ್. ಮುರುಗದಾಸ್ 2005ರಲ್ಲಿ ತಮಿಳಿನಲ್ಲೂ 2008ರಲ್ಲಿ ಹಿಂದಿಯಲ್ಲೂ ಅದನ್ನು ಮಾಡಿದಾಗ 'ಮೆಮೆಂಟೊ'ದಿಂದ ಎತ್ತಿಕೊಂಡದ್ದು ಮರೆವು, ಹಚ್ಚೆ, ಫೋಟೊ ಮತ್ತು ಸೇಡನ್ನು. ಅಲ್ಲಿ ಕೊಲೆಗಾರ ಯಾರೆಂಬುದರಲ್ಲಿ ನಮಗೆ ಸಂದೇಹವೇ ಇಲ್ಲ. ಮೈಮೇಲೆ ಬರೆದದ್ದು ನಿಜ, ನಾಯಕನಿಗೆ ಅದು ಮರೆಯುವುದೊಂದೇ ತೊಡಕು. 'ಮೆಮೆಂಟೊ'ದ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಚಿತ್ರದಲ್ಲಿ ಬರೆದದ್ದೇ ಅನುಮಾನಕ್ಕೆ ಒಳಪಟ್ಟಿದೆ. ಟೆಡಿ ಎಂಬ ಗೆಳೆಯನ ಫೋಟೊದ ಹಿಂದೆ 'ಇವನ ಸುಳ್ಳನ್ನು ನಂಬಬೇಡ' ಎಂದಿದೆ. ಅಕ್ಷರ ಲೆನಾರ್ಡನದೇ. ಆದರೆ ಬರೆದ ಗಳಿಗೆಯಲ್ಲಿ ಅವನಿಗೆ ಏನು ಗೊತ್ತಿತ್ತು, ಏನು ಬೇಕಿತ್ತು? ನೆನಪನ್ನು ನಂಬಬಾರದು, ಅದು ಕೋಣೆಯ ಆಕಾರವನ್ನೂ ಕಾರಿನ ಬಣ್ಣವನ್ನೂ ಬದಲಿಸಿಬಿಡುತ್ತದೆ, ದಾಖಲೆಯೇ ಗಟ್ಟಿ ಎಂದು ಅವನು ಒಂದು ಕಡೆ ವಾದಿಸುತ್ತಾನೆ. ಬ್ಯಾಂಕಿನಲ್ಲಿ ಕೆಲಸ ಮಾಡಿದ ನಿಮಗೆ ಆ ವಾದ ಹಿಡಿಸೀತು. ಆದರೆ ಸುಳ್ಳು ಲೆಕ್ಕ ಬರೆಯುವವನೂ ಲೆಡ್ಜರಿನಲ್ಲೇ ಬರೆಯುತ್ತಾನೆ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಈ ಜಾಗದಲ್ಲಿ ನಿಂತು ಕೊನೆಯ ಹತ್ತು ನಿಮಿಷ ನೋಡಿ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಒಂದು ಮಾತಿನಲ್ಲಿ ಮಾತ್ರ ನಾನು ನಿಮ್ಮ ಕಡೆ. 'ಗಜಿನಿ'ಯ ನಾಯಕಿ ಕಲ್ಪನಾ ಬಾಯಿಬಡುಕಿ, ಸುಳ್ಳುಬುರುಕಿ, ಜೀವಂತ ಹುಡುಗಿ. ಅವಳು ಸತ್ತಾಗ ಅಳು ಬರುವುದು ಸಹಜ. ಲೆನಾರ್ಡನ ಹೆಂಡತಿ ನಾಲ್ಕಾರು ಮಿಂಚುನೋಟಗಳಲ್ಲಿ ಬಂದುಹೋಗುತ್ತಾಳೆ. ಅವನಿಗೆ ಉಳಿದಿರುವುದೇ ಅಷ್ಟು ಎಂದು ಅಭಿಮಾನಿಗಳು ಸಮರ್ಥಿಸುತ್ತಾರೆ. ನನಗೆ ಆ ಸಮರ್ಥನೆ ಪೂರ್ತಿ ಒಪ್ಪಿಗೆಯಿಲ್ಲ. ಕಥೆಗೆ ಸೇಡು ಬೇಕಿತ್ತು, ಸೇಡಿಗೊಂದು ಹೆಣ ಬೇಕಿತ್ತು ಎಂಬಂತಿದೆ.

'ಮರೆವಿನ ರೋಗಿಗೆ ತನಗೆ ಮರೆವಿದೆ ಎಂಬುದು ಹೇಗೆ ನೆನಪಿರುತ್ತದೆ?' ಎಂದು ಕೆಲವರು ಕೇಳುವುದುಂಟು. ಪೆಟ್ಟಿನ ಹಿಂದಿನದೆಲ್ಲ ಅವನಿಗೆ ನೆನಪಿದೆ, ಅದೇ ಬಗೆಯ ರೋಗವಿದ್ದ ಸ್ಯಾಮಿ ಜ್ಯಾಂಕಿಸ್‌ನ ಹೆಸರು ಕೈಮೇಲೆ ಹಚ್ಚೆಯಾಗಿದೆ. ಜೊತೆಗೆ, ಅಭ್ಯಾಸಬಲ ಎನ್ನುವುದೊಂದಿದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೇಸನ್ ಎಂಬವರಿಗೆ ಅಪಸ್ಮಾರ ಗುಣಪಡಿಸಲೆಂದು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. 2008ರಲ್ಲಿ ತೀರಿಕೊಳ್ಳುವ ತನಕ ಅವರಲ್ಲಿ ಹೊಸ ನೆನಪು ನೆಲೆಯೂರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಹೆನ್ರಿಯವರಿಂದ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಚಿತ್ರ ತಿದ್ದಿಸಿದರು. ಹಿಂದೆ ಮಾಡಿದ್ದು ನೆನಪೇ ಇರದಿದ್ದರೂ ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಲೆನಾರ್ಡ್ ಇದೇ ಬಗೆಯ ಪರೀಕ್ಷೆಯ ಆಧಾರದ ಮೇಲೆ ಸ್ಯಾಮಿಯ ವಿಮೆ ನಿರಾಕರಿಸಿದ್ದವನು. ಹೆಸರು, ಮುಖ, ದಿನ ಯಾವುದೂ ನಿಲ್ಲದವನಲ್ಲೂ ಹಗೆ ಒಂದು ರೂಢಿಯಾಗಿ ಕೂರಬಲ್ಲದೆ? ಚಿತ್ರಕ್ಕೆ ನಿಜವಾದ ಭಯ ಹುಟ್ಟುವುದು ಇಲ್ಲಿಂದ.

ಹೇಗೆ ನೋಡಬೇಕೆಂದರೆ, ಮೊದಲಿನಿಂದ ನೋಡಿ. ಬಿಟ್ಟ ಜಾಗದಿಂದ ಮುಂದುವರಿಸಿದರೆ ಏನೂ ದಕ್ಕುವುದಿಲ್ಲ. ಮೊಟ್ಟಮೊದಲ ದೃಶ್ಯದಲ್ಲಿ ಕೈಯಲ್ಲಿರುವ ಫೋಟೊ ಮೂಡುವ ಬದಲು ಮಾಸುತ್ತ ಹೋಗುತ್ತದೆ. ನಿರ್ದೇಶಕ ಆಟದ ನಿಯಮವನ್ನು ಅಲ್ಲೇ ಹೇಳಿಬಿಟ್ಟಿದ್ದಾನೆ. ಕಾಗದದ ಮೇಲೆ ನಕ್ಷೆ ಬರೆಯುತ್ತ ಕೂರಬೇಡಿ, ಗೊತ್ತಾಗದ್ದು ಗೊತ್ತಾಗದೆಯೇ ಇರಲಿ. ನಡುವೆ ಕಾಫಿಗೆಂದು ಎದ್ದರೆ ಕೆಟ್ಟಿರಿ. ಉಪಶೀರ್ಷಿಕೆ ಹಾಕಿಕೊಳ್ಳಿ, ಮಾತು ವೇಗವಾಗಿದೆ. ನಗು ಬಂದರೆ ನಕ್ಕುಬಿಡಿ: ಲಾಡ್ಜಿನ ಗುಮಾಸ್ತ ಲೆನಾರ್ಡನಿಗೆ ಎರಡು ಕೋಣೆಗಳ ಬಾಡಿಗೆ ಹೇರಿ, ಹೇಗೂ ಮರೆಯುತ್ತಾನಲ್ಲ ಎಂದು ಅದನ್ನು ಅವನೆದುರೇ ಒಪ್ಪಿಕೊಳ್ಳುವುದು ನಗಲೆಂದೇ ಇಟ್ಟ ಪ್ರಸಂಗ. ಎರಡನೆಯ ಸಲ ನೋಡುವುದು ನಿಮ್ಮಿಷ್ಟ, ಆದರೆ ನೋಡುವಿರಿ ಎಂದೇ ನನ್ನ ಅಂದಾಜು.

ಮನೆಯವರ ಜೊತೆ? ಮೊಮ್ಮಕ್ಕಳು ಬೇಡ. ಆರಂಭವೇ ರಕ್ತದಿಂದ, ಬೈಗುಳವೂ ಧಾರಾಳ. ಮಗಳ ಜೊತೆ ಧಾರಾಳವಾಗಿ ನೋಡಿ, ಆದರೆ ಮುಂದೇನಾಗುತ್ತದೆ ಎಂದು ನಡುವೆ ಬಾಯಿಬಿಡಬಾರದೆಂದು ಅವರಿಂದ ಮೊದಲೇ ಮಾತು ತೆಗೆದುಕೊಳ್ಳಿ. ಟೆಡಿ ಕೊನೆಯಲ್ಲಿ ಹೇಳುವುದನ್ನು ನಂಬಬೇಕೋ ಬೇಡವೋ ಎಂದು ಇಬ್ಬರಿಗೂ ಜಗಳವಾದರೆ ಎರಡೂ ವಾದಗಳನ್ನು ಬರೆದು ಕಳಿಸಿ, ಪ್ರಕಟಿಸುತ್ತೇವೆ.

— ಸಂ.