ಡಿಸ್ನಿ ಬಚ್ಚಿಟ್ಟಿರುವ ಚಿತ್ರ

ಪ್ರಶ್ನೆ: ಡಿಸ್ನಿ ಕಂಪನಿಯು ‘ಡಂಬೊ’, ‘ಪೀಟರ್ ಪ್ಯಾನ್’ ಮುಂತಾದ ತನ್ನ ಹಳೆಯ ಚಿತ್ರಗಳನ್ನು ಎಚ್ಚರಿಕೆಯ ಸೂಚನೆಯೊಂದಿಗೆ ತೋರಿಸುತ್ತದೆ, ಆದರೆ ‘ಸಾಂಗ್ ಆಫ್ ದಿ ಸೌತ್’ ಚಿತ್ರವನ್ನು ಮಾತ್ರ ಹೊರಗೇ ಬಿಡುವುದಿಲ್ಲವಂತೆ. ಈ ಭೇದವೇಕೆ? ಇದು ಸರಿಯೇ? ಆ ಚಿತ್ರ ಮುಂದೆಂದಾದರೂ ನೋಡಲು ಸಿಗುವುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: 1946ರಲ್ಲಿ ತೆರೆಕಂಡ ಈ ಚಿತ್ರದಲ್ಲಿ, ಅಮೆರಿಕದ ದಕ್ಷಿಣ ಭಾಗದ ತೋಟವೊಂದರಲ್ಲಿ ಬದುಕುವ ಅಂಕಲ್ ರೀಮಸ್ ಎಂಬ ಕಪ್ಪು ಜನಾಂಗದ ಮುದುಕ, ಬಿಳಿಯರ ಮನೆಯ ಹುಡುಗನಿಗೆ ಮೊಲ, ನರಿ, ಕರಡಿಗಳ ಕತೆಗಳನ್ನು ಹೇಳುತ್ತಾನೆ. ಕಾಲ ಗುಲಾಮಗಿರಿ ರದ್ದಾದ ನಂತರದ್ದು. ಆದರೆ ಚಿತ್ರ ಅದನ್ನು ಎಲ್ಲಿಯೂ ಬಿಡಿಸಿ ಹೇಳದಿರುವುದರಿಂದ, ಒಡೆಯರ ಆಸರೆಯಲ್ಲಿ ಆಳುಗಳು ಹಾಡಿಕೊಂಡು ಸುಖವಾಗಿದ್ದರೆಂಬ ಭಾವನೆಯೇ ನೋಡುವವರಲ್ಲಿ ಉಳಿಯುತ್ತದೆ. ಆಗಿನ ಕಾಲಕ್ಕೆ ಇದು ಯಾರಿಗೂ ತಪ್ಪೆನಿಸಿರಲಿಲ್ಲವೆಂಬ ಸಮರ್ಥನೆ ನಿಲ್ಲುವುದಿಲ್ಲ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ವಾಲ್ಟರ್ ವೈಟ್ ಅವರು, ಚಿತ್ರದ ಕಲೆಗಾರಿಕೆಯನ್ನು ಒಪ್ಪಿಕೊಂಡೇ, ಒಡೆಯ ಮತ್ತು ಗುಲಾಮರ ಸಂಬಂಧವನ್ನು ಅದು ಸೊಗಸಾಗಿ ಕಾಣಿಸುತ್ತದೆಂದು ಅದೇ ವರ್ಷ ಖಂಡಿಸಿದ್ದರು.

ಅಷ್ಟಾದರೂ ಕಂಪನಿಯು ಅದನ್ನು 1956, 1972, 1980 ಮತ್ತು 1986ರಲ್ಲಿ ಮತ್ತೆ ಮತ್ತೆ ಚಿತ್ರಮಂದಿರಗಳಿಗೆ ತಂದಿತು. ಬಳಿಕ ಅಮೆರಿಕದಲ್ಲಿ ಅದರ ವಿಡಿಯೊ ಕ್ಯಾಸೆಟ್ ಕೂಡ ಬರಲಿಲ್ಲ. ಆದರೆ 1989ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಆರಂಭವಾದ ‘ಸ್ಪ್ಲ್ಯಾಶ್ ಮೌಂಟನ್’ ಎಂಬ ಜಲಕ್ರೀಡೆಯನ್ನು ನೋಡಿ: ಮರದ ದಿಮ್ಮಿಯ ಆಕಾರದ ದೋಣಿಯಲ್ಲಿ ಕುಳಿತವರು ಅದೇ ಚಿತ್ರದ ಮೊಲ, ನರಿಗಳ ನಡುವೆ ಸಾಗಿ, ಎತ್ತರದಿಂದ ನೀರಿಗೆ ಜಾರುತ್ತಿದ್ದರು, ಕಿವಿಗೆ ಬೀಳುತ್ತಿದ್ದುದು ಆಸ್ಕರ್ ಗೆದ್ದ ಅದೇ ಚಿತ್ರದ ಹಾಡು. ಅಂಕಲ್ ರೀಮಸ್ ಮಾತ್ರ ಅಲ್ಲಿರಲಿಲ್ಲ. ಕತೆ ಹೇಳಿದವನನ್ನು ಮರೆಗೆ ಸರಿಸಿ, ಅವನ ಕತೆಯಿಂದ ಮೂರು ದಶಕ ಹಣ ಮಾಡಿಕೊಂಡದ್ದನ್ನು ಪಶ್ಚಾತ್ತಾಪವೆಂದು ಕರೆಯಲು ನನ್ನಿಂದಾಗದು. 2020ರಲ್ಲಿ ಆ ಜಲಕ್ರೀಡೆಯನ್ನು ಬದಲಿಸುವ ನಿರ್ಧಾರ ಪ್ರಕಟವಾಯಿತು. ಅಮೆರಿಕದಲ್ಲಿ ಅದಿದ್ದ ಎರಡೂ ಡಿಸ್ನಿ ಉದ್ಯಾನಗಳಲ್ಲಿ ಅದರ ಜಾಗಕ್ಕೆ 2024ರಲ್ಲಿ ಟಿಯಾನಾ ಎಂಬ ಕಪ್ಪು ರಾಜಕುಮಾರಿಯ ಕತೆ ಬಂದಿತು.

ಇನ್ನು ಭೇದದ ಮಾತು. ಎಚ್ಚರಿಕೆ ಕೊಟ್ಟು ತೋರಿಸಿದರೂ ಈ ಚಿತ್ರ ಇಂದಿನ ಜಗತ್ತಿಗೆ ಸೂಕ್ತವಲ್ಲವೆಂದು ಕಂಪನಿಯ ಆಗಿನ ಕಾರ್ಯನಿರ್ವಾಹಕ ಅಧ್ಯಕ್ಷ ಬಾಬ್ ಐಗರ್ 2020ರ ಮಾರ್ಚ್‌ನಲ್ಲಿ ಷೇರುದಾರರ ಸಭೆಯಲ್ಲಿ ಹೇಳಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇತರ ಚಿತ್ರಗಳ ಮುಂದೆ, ಇಂತಹ ಚಿತ್ರಣ ಆಗಲೂ ತಪ್ಪು, ಈಗಲೂ ತಪ್ಪು, ತೆಗೆದುಹಾಕುವ ಬದಲು ಅದರಿಂದಾದ ಹಾನಿಯನ್ನು ಒಪ್ಪಿಕೊಳ್ಳುತ್ತೇವೆ ಎಂಬರ್ಥದ ಸೂಚನೆ ಬಂದಿತು. ‘ಡಂಬೊ’ದಲ್ಲಿ ಮಳೆಯ ರಾತ್ರಿ ಸರ್ಕಸ್ ಡೇರೆ ಎಬ್ಬಿಸುವ ಕಪ್ಪು ಕೂಲಿಗಳಿಗೆ ಮುಖವೇ ಬರೆದಿಲ್ಲ, ತಾವು ಓದುಬರಹ ಕಲಿತವರಲ್ಲ, ಕೂಲಿ ಸಿಕ್ಕೊಡನೆ ಹಾಳುಮಾಡುವವರು ಎಂದು ಅವರ ಬಾಯಿಂದಲೇ ಹಾಡಿಸಿದ್ದಾರೆ. ಇದೇನು ಸಣ್ಣ ಅವಮಾನವಲ್ಲ. ಆದರೆ ಅದು ಕೆಲವೇ ನಿಮಿಷಗಳ ದೃಶ್ಯ, ‘ಸಾಂಗ್ ಆಫ್ ದಿ ಸೌತ್’ನಲ್ಲಾದರೋ ಕತೆಯ ಬುಡವೇ ಅಂಥದ್ದು. ಜೊತೆಗೆ, ‘ಡಂಬೊ’ ಈಗಲೂ ಮಾರಾಟವಾಗುವ ಹೆಸರೆಂಬುದೂ ಈ ಲೆಕ್ಕದಲ್ಲಿ ಸೇರಿದೆಯೆಂದು ನನ್ನ ಅನಿಸಿಕೆ.

ಪೂರ್ತಿ ಬಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ರೀಮಸ್ ಪಾತ್ರ ಮಾಡಿದ ಜೇಮ್ಸ್ ಬ್ಯಾಸ್ಕೆಟ್, ವರ್ಣಭೇದದ ಕಾನೂನಿದ್ದ ಅಟ್ಲಾಂಟಾ ನಗರದಲ್ಲಿ ನಡೆದ ತಮ್ಮದೇ ಚಿತ್ರದ ಮೊದಲ ಪ್ರದರ್ಶನಕ್ಕೆ ಹೋಗುವಂತಿರಲಿಲ್ಲ. 1948ರಲ್ಲಿ ಅವರಿಗೆ ವಿಶೇಷ ಆಸ್ಕರ್ ಸಂದಿತು, ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರು. ಚಿತ್ರವನ್ನು ಮುಚ್ಚಿಟ್ಟರೆ ಮುಚ್ಚಿಹೋಗುವುದು ಕಂಪನಿಯ ತಪ್ಪಷ್ಟೇ ಅಲ್ಲ, ಆ ನಟನ ಕೆಲಸವೂ ಹೌದು. ಮಕ್ಕಳ ಪಟ್ಟಿಯಿಂದ ದೂರವಿಟ್ಟು, ತಿಳಿದವರೊಬ್ಬರ ಮುನ್ನುಡಿಯೊಂದಿಗೆ ವಯಸ್ಕರಿಗೆ ತೋರಿಸಬಹುದು. ಗುಲಾಮಗಿರಿಯ ಕಾಲವನ್ನು ಸೊಗಸಾಗಿ ಕಾಣಿಸುವ ‘ಗಾನ್ ವಿತ್ ದ ವಿಂಡ್’ ಚಿತ್ರಕ್ಕೆ ಎಚ್‌ಬಿಒ ಮ್ಯಾಕ್ಸ್ ಎಂಬ ಆನ್‌ಲೈನ್ ಚಿತ್ರಸೇವೆ 2020ರಲ್ಲಿ ಇಂಥದೇ ಮುನ್ನುಡಿ ಸೇರಿಸಿತು.

ನಿಮ್ಮ ಕೊನೆಯ ಪ್ರಶ್ನೆಗೆ: ಅಮೆರಿಕದ ಈಗಿನ ಕಾನೂನಿನಂತೆ ಅಂದಿನ ಚಿತ್ರಗಳ ಹಕ್ಕುಸ್ವಾಮ್ಯ 95 ವರ್ಷ ನಡೆಯುತ್ತದೆ. ಕಂಪನಿ ಮನಸ್ಸು ಬದಲಿಸದಿದ್ದರೂ 2042ರ ಜನವರಿಯಿಂದ ಅಲ್ಲಿ ಯಾರು ಬೇಕಾದರೂ ಈ ಚಿತ್ರವನ್ನು ತೋರಿಸಬಹುದು.